ಗಾರೆ ಹೇಳುವವರೆಗೆ

ಜಂಬಣ್ಣ ಒಳ್ಳೆಯವನು ಎಂದರೆ ಅವನ ಹೆಂಡತಿ ಮುನಿತಾಯಮ್ಮ ನನ್ನ ಮುಖಕ್ಕೆ ಉಗಿದಾಳು. ಕೆಟ್ಟವನು ಎಂದರೂ ಉಗಿದಾಳು. ಆದ್ದರಿಂದ ಆ ಗೋಜಿಗೇ ಹೋಗದೆ ಕಂಡಷ್ಟನ್ನು ಹೇಳಿಬಿಡುತ್ತೇನೆ. ಕಂಡದ್ದರಲ್ಲಿ ನನ್ನ ಪಾಲಿನ ಪಾಪವೂ ಇದೆ. ಅದನ್ನು ಮುಚ್ಚಿಡುವಷ್ಟು ಜಾಣತನ ನನಗೆ ಇದೆ, ಗುಮಾಸ್ತನಾಗಿ ಇಪ್ಪತ್ತು ವರ್ಷ ಅದನ್ನೇ ಮಾಡಿದ್ದೇನೆ. ಆದರೆ ಈ ವಿಷಯದಲ್ಲಿ ಮನಸ್ಸಾಗುವುದಿಲ್ಲ.

ಜಂಬಣ್ಣನ ಕಸುಬು ಕುಣಿತ ಕಟ್ಟುವುದು. ತಾನೇ ಕುಣಿಯುವವನಲ್ಲ. ಕುಣಿಸುವವನು ಎಂದು ಯಾರಾದರೂ ಅಂದರೆ ಸಿಡುಕುತ್ತಿದ್ದ. "ಕುಣಿಸೋದು ಕೋತೀನ ಸ್ವಾಮಿ. ನಾನು ಕಟ್ಟೋನು," ಎನ್ನುತ್ತಿದ್ದ. ಬೆಂಗಳೂರಿನಲ್ಲಿ ಅಂಥ ಕಸುಬು ಒಂದಿದೆ ಎಂದು ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ, ಹೊಟ್ಟೆಪಾಡಿಗೆ ಬೇರೆ ಏನೇನೋ ಮಾಡುತ್ತಿದ್ದ.

ಅವನ ಊರು ಕೆಂಗೇರಿ. ಅಪ್ಪ ಬಯಲಾಟದಲ್ಲಿ ತಾಳ ಹಿಡಿದು ಹಾಡುವ ಭಾಗವತ. ಮಗನಿಗೆ ಇಪ್ಪತ್ತು ತುಂಬಿದಾಗ ಮೇಳದವರಿಗೆ ಹೆಜ್ಜೆ ಕಲಿಸುವ ಕೆಲಸವನ್ನು ಅವನಿಗೆ ಬಿಟ್ಟುಕೊಟ್ಟ. ಇವನು ಮಾಡಿದ ಮೊದಲ ಘನಕಾರ್ಯವೆಂದರೆ ರಾಜನ ಪಾತ್ರದವನ ಕಿರೀಟ, ಎದೆಹಲಗೆ, ಭುಜಕೀರ್ತಿ ಎಲ್ಲವನ್ನೂ ಬಿಚ್ಚಿಸಿ ರಂಗಕ್ಕೆ ತಳ್ಳಿದ್ದು. "ಇಷ್ಟೊಂದು ಭಾರ ಹೊತ್ಕೊಂಡ್ರೆ ಮೈಯಿ ಎಲ್ಲಿ ಕಾಣ್ತದೆ?" ಎಂದು ಅವನ ವಾದ. ಊರಿನವರಿಗೆ ಮೈಯಿ ನೋಡಬೇಕಾಗಿರಲಿಲ್ಲ, ರಾಜನನ್ನು ನೋಡಬೇಕಾಗಿತ್ತು. ಚಡ್ಡಿಯಲ್ಲಿ ನಿಂತ ರಾಜನಿಗೂ ಜಂಬಣ್ಣನಿಗೂ ಸರಿಯಾಗಿ ಬಿತ್ತು. ಅಪ್ಪನೇ ಮುಂದೆ ಬಂದು ಮಗನ ಕೈಯಿಂದ ತಾಳ ಕಿತ್ತುಕೊಂಡು ಮೇಳದಿಂದ ಹೊರಗೆ ಹಾಕಿದ.

ಆಮೇಲೆ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕೋಲಾಟ ಹೇಳಿಕೊಡುವ ಕೆಲಸ ಸಿಕ್ಕಿತು. ಮೂರು ತಿಂಗಳು ಸುಮ್ಮನಿದ್ದ. ನಾಲ್ಕನೇ ತಿಂಗಳು ಮಕ್ಕಳ ಕೈಯಿಂದ ಕೋಲುಗಳನ್ನೆಲ್ಲ ಇಸಿದುಕೊಂಡು ಮೂಲೆಗೆ ಎಸೆದ. ಕೋಲಿಲ್ಲದೆಯೇ ಆಡಬೇಕು, ಕೋಲಿನ ಸದ್ದು ನೋಡುವವರ ಕಿವಿಯೊಳಗೆ ತಾನಾಗಿ ಏಳಬೇಕು ಎಂದ. ಹೆಡ್ ಮಾಸ್ತರು ಬಂದು ಐದು ನಿಮಿಷ ನೋಡಿದರು. "ಕೋಲಿಲ್ಲದೆ ಕೋಲಾಟ ನಡೆಯುತ್ತೆ ಅಂದ್ರೆ ಮೇಷ್ಟ್ರಿಲ್ಲದೆ ಇನ್ನೂ ಚೆನ್ನಾಗಿ ನಡೆಯುತ್ತೆ, ನಡೀರಿ," ಎಂದು ಅವತ್ತೇ ಬಾಗಿಲು ತೋರಿಸಿದರು.

ಹೀಗೆ ಎರಡು ಕಡೆ ಕುತ್ತಿಗೆ ಹಿಡಿಸಿಕೊಂಡವನು ಕೂಲಿಗೆಂದು ಬಂದದ್ದು ನಮ್ಮ ರಾಜಾಜಿನಗರಕ್ಕೆ. ಆಗಿನ್ನೂ ರಾಗಿ ಹೊಲಗಳಿಗೆ ದಾರ ಹಿಡಿದು ಬ್ಲಾಕು ಬ್ಲಾಕಾಗಿ ಕೊಯ್ಯುತ್ತಿದ್ದರು. ದಿನಕ್ಕೊಂದು ಮನೆ ಏಳುತ್ತಿತ್ತು. ಮನೆಯೆಂದ ಮೇಲೆ ತಾರಸಿ, ತಾರಸಿ ಎಂದ ಮೇಲೆ ಗಾರೆ ಬಡಿಯುವ ಹೆಂಗಸರು.

ಸಿಮೆಂಟು ಕಬ್ಬಿಣದ ತಾರಸಿಯನ್ನಷ್ಟೇ ನೋಡಿದವರಿಗೆ ಇದು ತಿಳಿಯಲಿಕ್ಕಿಲ್ಲ. ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರು ಕಲಸಿದ ಗಾರೆಯನ್ನು ಅರ್ಧ ಗೇಣು ದಪ್ಪಕ್ಕೆ ಹಾಸುತ್ತಿದ್ದರು. ಹೆಂಗಸರು ಎರಡು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಕೊಡತಿ ಎಂಬ ಮರದ ಬಡಿಗೆ ಹಿಡಿದು, ಒಂದೇ ಏಟಿಗೆ ಎಂಟು ಕೊಡತಿ ಬೀಳುವಂತೆ ಬಡಿಯಬೇಕು. ಬಡಿಯುತ್ತ ಬಡಿಯುತ್ತ ಹಿಂದಕ್ಕೆ ಸರಿಯಬೇಕು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸಿ ಮತ್ತೆ ಬಡಿಯಬೇಕು. ಇದು ಎರಡು ದಿನವೋ ಮೂರು ದಿನವೋ, ಗಡಿಯಾರಕ್ಕೂ ಮೇಸ್ತ್ರಿಗೂ ಗೊತ್ತಿಲ್ಲ. ಗಾರೆ ಹಸಿಯಿರುವಾಗ ಕೊಡತಿ ದೊಪ್ಪೆಂದು ಹೂತುಕೊಳ್ಳುತ್ತದೆ. ಗಾರೆ ಆಯಿತೆಂದರೆ ಕೊಡತಿ ತಾನಾಗಿ ವಾಪಸು ಹಾರುತ್ತದೆ, ಠಣ್ಣೆಂದು ದನಿ ಕೊಡುತ್ತದೆ. ಆ ದನಿ ಬರುವವರೆಗೆ ಯಾರೂ ಕೊಡತಿ ಕೆಳಗಿಡುವ ಹಾಗಿಲ್ಲ. ಊಟಕ್ಕೆ, ನೀರಿಗೆ, ರಾತ್ರಿ ನಿದ್ದೆಗೆ ಎಂದರೆ ಎಂಟು ಜನರೂ ಒಟ್ಟಿಗೆ ಏಳಬೇಕು. ಒಬ್ಬಳು ಮಧ್ಯದಲ್ಲಿ ಎದ್ದರೆ ಅವಳ ಜಾಗ ಮೆತ್ತಗೆ ಉಳಿದು ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. ಸೋರಿದ ಜಾಗವನ್ನು ಆ ಹೆಂಗಸಿನ ಹೆಸರಿನಲ್ಲೇ ಕರೆಯುತ್ತಿದ್ದರು, ಅವಳು ಸಾಯುವವರೆಗೆ ಆ ಮಾತು ಕೇಳುತ್ತಿರಬೇಕಾಗಿತ್ತು.

ಸಾಲಿಗೆ ಮುಂದಾಳು ಮುನಿತಾಯಮ್ಮ. ಸುಣ್ಣದಲ್ಲಿ ಬೆಂದು ಬೆಂದು ಅವಳ ಕಾಲಿನ ಎರಡು ಹೆಬ್ಬೆರಳಿಗೂ ಉಗುರಿರಲಿಲ್ಲ. ಜಂಬಣ್ಣ ಅವಳನ್ನು ಮದುವೆಯಾದ. ರೂಪ ನೋಡಿ ಅಲ್ಲ, ಅವಳು ಹಿಂದಕ್ಕೆ ಸರಿಯುವ ರೀತಿ ನೋಡಿ ಆದೆ ಎಂದು ಅವಳ ಎದುರಿಗೇ ಹೇಳುತ್ತಿದ್ದ. ಕೂಲಿಯವನಾಗಿ ಬಂದವನು ವರ್ಷದೊಳಗೆ ಆ ಎಂಟು ಹೆಂಗಸರಿಗೆ ಏಟಿನ ಲೆಕ್ಕ ಕೂಗುವವನಾದ. ಬಲಗೈಯಿಂದ ತೊಡೆ ತಟ್ಟಿ ತಾಳ ಹಾಕುತ್ತಿದ್ದ. ಆ ಬಲಗೈ ನೋಡಿಕೊಂಡೇ ಎಂಟು ಕೊಡತಿ ಏಳುತ್ತಿದ್ದವು, ಬೀಳುತ್ತಿದ್ದವು.

ಅಲ್ಲಿಗೆ ನಿಲ್ಲುವ ಆಸಾಮಿಯಾಗಿದ್ದರೆ ಸುಖವಾಗಿರುತ್ತಿದ್ದ. ಮೊದಲು ಅವರ ಹಾಡು ನಿಲ್ಲಿಸಿದ. ಗಾರೆ ಬಡಿಯುವವರಿಗೆ ಹಾಡೊಂದೇ ಸಮಾಧಾನ, ಸೊಂಟದ ನೋವು ಅದರಲ್ಲೇ ಮರೆಯುವುದು. "ಹಾಡು ಏಟನ್ನ ಮುಚ್ತದೆ. ಬಾಯ್ ಮುಚ್ಕೊಂಡು ಬಡೀರಿ," ಎಂದ. ಒಬ್ಬಳು ಗುನುಗಿದ್ದಕ್ಕೆ ಅವಳನ್ನು ಒಂದು ವಾರ ಸಾಲಿನಿಂದ ಹೊರಗಿಟ್ಟ. ಆಮೇಲೆ ಎರಡು ಸಾಲು ಒಂದನ್ನೊಂದು ಹಾಯುವಂತೆ, ಮಧ್ಯೆ ಒಂದೇ ಒಂದು ಕೊಡತಿ ತಡವಾಗಿ ಬೀಳುವಂತೆ, ಎಂಟು ಬೆನ್ನು ಒಟ್ಟಿಗೆ ತಿರುಗುವಂತೆ ತಿದ್ದಿದ. ಕೆಲಸ ಮುಗಿದ ಮೇಲೂ ಹೊತ್ತು ಮುಳುಗುವವರೆಗೆ ಬಯಲಿನಲ್ಲಿ ಬರಿಗೈಯಲ್ಲಿ ಬಡಿಸುತ್ತಿದ್ದ.

ಸಾಲಿನಲ್ಲಿ ಪಾಪಮ್ಮ ಎಂಬ ಹುಡುಗಿಗೆ ಎಳೆ ಮಗುವಿತ್ತು. ಮರಕ್ಕೆ ಸೀರೆ ಕಟ್ಟಿ ಮಲಗಿಸಿರುತ್ತಿದ್ದಳು. ಒಂದು ಸಂಜೆ ಮಗು ಹಸಿದು ಕಿರುಚತೊಡಗಿತು. ಪಾಪಮ್ಮ ಏಳಹೋದಳು. ಜಂಬಣ್ಣ ಕೈ ಎತ್ತಿ ತಡೆದ. "ಕೂತ್ಕೊ. ಅಳ್ಲಿ. ಅದು ಏಟಿಗೆ ಚೆನ್ನಾಗಿ ಕೂಡ್ತಾ ಐತೆ," ಎಂದ. ಅವಳ ಕುಪ್ಪಸ ಹಾಲಿನಿಂದ ನೆನೆಯಿತು, ಅವಳು ಬಡಿಯುತ್ತಲೇ ಇದ್ದಳು. ಮಾರನೆಯ ದಿನದಿಂದ ಅಭ್ಯಾಸಕ್ಕೆ ಮೊದಲು ಮಗುವಿಗೆ ಹಾಲೂಡಿಸಬೇಡ ಎಂದು ಹೇಳಿದನಂತೆ. ಇದನ್ನು ನನಗೆ ಹೇಳಿದವನು ಅವನೇ, ದೊಡ್ಡ ಉಪಾಯ ಮಾಡಿದವನ ಖುಷಿಯಲ್ಲಿ. ನನಗೆ ಅಂದು ಅವನ ಕೆನ್ನೆಗೆ ಬಿಡಬೇಕೆನಿಸಿತ್ತು. ಬಿಡಲಿಲ್ಲ.

ಯಾಕೆ ಬಿಡಲಿಲ್ಲವೆಂದರೆ, ಅಷ್ಟು ಹೊತ್ತಿಗೆ ನಾನು ಆ ಕುಣಿತವನ್ನು ನೋಡಿದ್ದೆ. ಐವತ್ತಮೂರನೇ ಇಸವಿಯಲ್ಲಿ ಎರಡನೇ ಬ್ಲಾಕಿನಲ್ಲಿ ನಮ್ಮ ಮನೆಯ ತಾರಸಿಯನ್ನು ಬಡಿದವರು ಇವರೇ. ರಜೆ ಹಾಕಿ ಕಾವಲು ಕೂತಿದ್ದೆ, ಸುಣ್ಣದಲ್ಲಿ ಮೋಸವಾದೀತೆಂಬ ಅನುಮಾನದಿಂದ. ಮೂರನೆಯ ದಿನ ಮಧ್ಯಾಹ್ನ, ಎಂಟು ಬೆನ್ನುಗಳು ಬಿಸಿಲಿನಲ್ಲಿ ಹಿಂದಕ್ಕೆ ಸರಿಯುತ್ತ, ಹಾಯುತ್ತ, ತಿರುಗುತ್ತ ಇದ್ದಂತೆ ದೊಪ್ಪ್ ದೊಪ್ಪ್ ಎನ್ನುತ್ತಿದ್ದ ಸದ್ದು ನಿಧಾನವಾಗಿ ಬದಲಾಯಿತು. ಮೊದಲು ಒಂದು ಮೂಲೆಯಿಂದ ಠಣ್ಣೆಂದಿತು, ಆಮೇಲೆ ಇನ್ನೊಂದು. ಕಡೆಗೆ ಎಂಟೂ ಕೊಡತಿ ಒಟ್ಟಿಗೆ ದನಿ ಕೊಟ್ಟವು. ಯಾರೂ ಹೇಳಲಿಲ್ಲ, ಎಂಟು ಕೈಗಳು ಗಾಳಿಯಲ್ಲೇ ನಿಂತವು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ನಾನು ಅಷ್ಟು ಸುಲಭವಾಗಿ ಅಳುವವನಲ್ಲ.

"ಜಂಬಣ್ಣ, ಇದನ್ನ ಜನ ನೋಡಬೇಕಪ್ಪ. ಸ್ಟೇಜಿನ ಮೇಲೆ ನೋಡಬೇಕು," ಎಂದೆ.

ಅವನು ನನ್ನ ಎರಡೂ ಕೈ ಹಿಡಿದುಕೊಂಡ. "ಒಂದೇ ಒಂದ್ಸಲ ಸ್ವಾಮಿ. ಸುರುವಿಂದ ದನಿ ಬರೋಗಂಟ, ಪೂರ್ತಿ. ನಿಲ್ಸೋದು ನಾನಲ್ಲ, ನೀವಲ್ಲ. ಗಾರೆ. ಅದೊಂದು ಆದ್ರೆ ಸಾಕು, ಸತ್ರೂ ಚಿಂತಿಲ್ಲ," ಎಂದ. ಮಾಡಿಸೋಣ ಎಂದು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನನ್ನದು ಧಾರಾಳ ಕೈ.

ಮೂರು ವರ್ಷ ಕಂಡಾಗಲೆಲ್ಲ ಕೇಳಿದ. ಐವತ್ತಾರರಲ್ಲಿ ರಾಜ್ಯ ಒಂದಾಯಿತು. ನಮ್ಮ ಬಡಾವಣೆಯ ಸಂಘದವರು ನವೆಂಬರಿನಲ್ಲಿ ಉತ್ಸವ ಮಾಡುವುದೆಂದು ತೀರ್ಮಾನಿಸಿದರು. ಕಾರ್ಯದರ್ಶಿ ನಾನು. ಅಧ್ಯಕ್ಷ ಹನುಮಯ್ಯ, ತನ್ನ ಹೊಲ ಬಡಾವಣೆಗೆ ಹೋದ ಮೇಲೆ ಅದೇ ಹೊಲದಲ್ಲಿ ಊರವರಿಗೆ ಮನೆ ಕಟ್ಟಿಕೊಡುವ ಕಂಟ್ರಾಕ್ಟರಾಗಿ ಮೆರೆಯುತ್ತಿದ್ದ ಮನುಷ್ಯ. ಜಂಬಣ್ಣನ ಕುಣಿತದ ವಿಷಯ ಎತ್ತಿದೆ. ಹನುಮಯ್ಯನಿಗೆ ಹಿಡಿಸಿತು. ನಾಡು ಕಟ್ಟುವುದು, ಮನೆ ಕಟ್ಟುವುದು, ಭಾಷಣಕ್ಕೆ ಚೆನ್ನಾಗಿ ಹೊಂದುತ್ತದೆ ಎಂದ. "ನಾಡ ಕಟ್ಟುವ ನಾರಿಯರು" ಎಂದು ಹೆಸರನ್ನೂ ಇಟ್ಟ.

ಹೆಸರಿಗೆ ಯಾರೂ ಅಡ್ಡಿ ಮಾಡಲಿಲ್ಲ. ನಾರಿಯರಿಗೆ ಮಾಡಿದರು. ನನ್ನ ಹೆಂಡತಿ ಇಂದ್ರಮ್ಮನೇ ಮಹಿಳಾ ವಿಭಾಗದ ಪರವಾಗಿ ಎದ್ದು ನಿಂತಳು. "ಆ ಹೆಂಗಸ್ರು ಮೊಣಕಾಲ್ ತನಕ ಸೀರೆ ಎತ್ತಿ ಕಚ್ಚೆ ಹಾಕ್ತಾರೆ. ಕಾಲು ನೋಡಿದೀರಾ? ಊಟ ಮಾಡಿರೋದು ಹೊಟ್ಟೇಲಿ ನಿಲ್ಲಲ್ಲ. ನಮ್ಮ ಮಕ್ಳಿಗೆ ಕಲಿಸ್ಲಿ, ರೇಷ್ಮೆ ಲಂಗ ಹಾಕಿ ನಮ್ಮ ಮಕ್ಳು ಮಾಡ್ತಾರೆ," ಎಂದಳು. ಸಭೆ ಚಪ್ಪಾಳೆ ತಟ್ಟಿತು. ಎಂಟು ಹುಡುಗಿಯರ ಪಟ್ಟಿಯಲ್ಲಿ ಮೊದಲ ಹೆಸರು ನನ್ನ ಮಗಳದು. ಬರೆದವನು ನಾನು.

ಜಂಬಣ್ಣ ಸಿಟ್ಟಾಗಿ ಎದ್ದುಹೋಗುತ್ತಾನೆ ಎಂದುಕೊಂಡಿದ್ದೆ, ಅದೇ ವಾಸಿ ಎಂದೂ ಅನಿಸಿತ್ತು. ಅವನು ಹೋಗಲಿಲ್ಲ. "ಈ ಮಕ್ಳ ಕೈಲಿ ಸದ್ದು ಬರಾಕಿಲ್ಲ. ಸದ್ದಿಗೆ ನಮ್ಮೋರು ಪರದೆ ಹಿಂದೆ ಕೂತ್ಕಂಡ್ರೆ?" ಎಂದು ಕೇಳಿದ. ಹನುಮಯ್ಯ ಉದಾರವಾಗಿ ಒಪ್ಪಿದ. "ಹನ್ನೊಂದು ನಿಮಿಷ. ಸೆಕ್ರೆಟರಿ ಗಂಟೆ ಹೊಡೀತಾರೆ, ನಿಲ್ಲಿಸ್ಬಿಡಬೇಕು," ಎಂದ. ಅದಕ್ಕೂ ಜಂಬಣ್ಣ ತಲೆಯಾಡಿಸಿದ. ಪೂರ್ತಿ ಆಗುವುದಿಲ್ಲವಲ್ಲ ಎಂದು ಹೊರಗೆ ಬಂದ ಮೇಲೆ ಕೇಳಿದೆ. "ಹನ್ನೊಂದು ನಿಮಿಷ ಕಂಡ್ರೆ ಮಿಕ್ಕಿದ್ದು ನೋಡ್ಬೇಕು ಅಂತ ಅವ್ರೇ ಕೇಳ್ತಾರೆ ಸ್ವಾಮಿ," ಎಂದ. ಅಷ್ಟು ಆಸೆ ಅವನಿಗೆ.

ಈ ಸುದ್ದಿಯನ್ನು ಅವನು ಹೆಂಡತಿಗೆ ಹೇಳುವಾಗ ನಾನು ಅಲ್ಲೇ ಇದ್ದೆ. ಮುನಿತಾಯಮ್ಮ ಕಾಲಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ನಾವು ಪರದೆ ಹಿಂದೇನಾ?" ಎಂದು ಕೇಳಿದಳು.

"ಜನ ನೋಡಾಕೆ ಬರೋದು ಕುಣಿತಾನ ಕಣೇ. ನಿನ್ನನ್ನಲ್ಲ," ಎಂದ ಜಂಬಣ್ಣ.

ಅವಳು ಇನ್ನೊಂದು ಕಾಲಿಗೂ ಎಣ್ಣೆ ಹಚ್ಚಿಕೊಂಡಳು. ಹುಡುಗಿಯರಿಗೆ ಕಲಿಸಿದವಳೂ ಅವಳೇ ಆದಳು, ದಿನಾ ಸಂಜೆ ನಮ್ಮ ಹಿತ್ತಲಿನಲ್ಲಿ. ನನ್ನ ಮಗಳ ಕಾಲು ನೋಯುತ್ತದೆಂದು ಇಂದ್ರಮ್ಮ ಮಣೆ ಹಾಕಿ ಕೂರಿಸಿದಳು. ಮುನಿತಾಯಮ್ಮ ನೆಲದ ಮೇಲೆ ಕೂತು ತೋರಿಸಿದಳು.

ಕಾರ್ಯಕ್ರಮ ಪಟ್ಟಿ ಅಚ್ಚಾಗಿ ಬಂದಾಗ ಜಂಬಣ್ಣ ಅದನ್ನು ಎರಡು ಸಲ ಓದಿದ. "ಸಂಯೋಜನೆ: ಮಹಿಳಾ ವಿಭಾಗ" ಎಂದಿತ್ತು. "ಸ್ವಾಮಿ, ನನ್ನೆಸ್ರು?" ಎಂದ. ಜಾಗ ಸಾಲಲಿಲ್ಲಪ್ಪ ಎಂದೆ. ಜಾಗ ಇತ್ತು. ಕೂಲಿಯವನ ಹೆಸರು ಹಾಕಿದರೆ ತಾವು ಬರುವುದಿಲ್ಲ ಎಂದು ಇಬ್ಬರು ತಾಯಂದಿರು ಹೇಳಿದ್ದರು, ಅವರಲ್ಲಿ ಒಬ್ಬಳು ನನ್ನ ಮನೆಯಲ್ಲೇ ಇದ್ದಳು. ಅವನು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಅವನು ಮಾಡಿದ ತಪ್ಪು ಒಂದೇ, ಬೇರೆ ಯಾರೂ ಮಾಡಲಾರದ ತಪ್ಪು. ಪರದೆಯ ಹಿಂದೆ ಬಡಿಯಲು ಒಂದು ಹಲಗೆ ಹಾಕಿದ್ದರೆ ಸಾಕಾಗಿತ್ತು. ಹಲಗೆ ಸದ್ದು ಸುಳ್ಳು ಎಂದು ಹಠ ಹಿಡಿದು ನಿಜವಾದ ಗಾರೆಯನ್ನೇ ತರಿಸಿದ. ಎರಡು ದಿನ ಮೊದಲಿನಿಂದಲೇ ಅರ್ಧಂಬರ್ಧ ಬಡಿಸಿ ಹದಕ್ಕೆ ತಂದಿಟ್ಟ. ಗಂಟೆ ಹೊಡೆದ ಕೂಡಲೇ ನಿಲ್ಲಿಸಬೇಕು ಎಂದು ಎಂಟು ಜನಕ್ಕೂ ಹೇಳಿದ. ಹೂಂ ಎಂದರು. ಆದರೆ ಗಾರೆಯ ಮಾತೊಂದನ್ನು ಬಿಟ್ಟು ಇನ್ನಾವುದನ್ನೂ ಕೇಳಬೇಡಿ ಎಂದು ವರ್ಷಗಟ್ಟಲೆ ಬೈದು ಬೈದು ಕಲಿಸಿದವನೂ ಅವನೇ.

ಸಂಜೆ ನಾಲ್ಕೂವರೆಗೆ ಶಾಮಿಯಾನ ತುಂಬಿತ್ತು. ನಮ್ಮ ಹುಡುಗಿಯರು ರೇಷ್ಮೆ ಲಂಗ ಉಟ್ಟು, ಬಣ್ಣ ಬಳಿದ ಹಗುರಾದ ಬೂರುಗದ ಮರದ ಕೊಡತಿ ಹಿಡಿದು ಬಂದರು. ಹಿಂದಿನಿಂದ ದೊಪ್ಪ್ ಎಂದು ಮೊದಲ ಏಟು ಬಿತ್ತು. ಕೂತ ಕುರ್ಚಿಯ ಕಾಲು ನಡುಗಿದ್ದು ನನಗೆ ನೆನಪಿದೆ. ಮಕ್ಕಳು ಅಲ್ಲಲ್ಲಿ ತಪ್ಪಿದರು, ನಕ್ಕರು, ಜಡೆ ಸರಿಮಾಡಿಕೊಂಡರು. ಜನಕ್ಕೆ ಮುದ್ದಾಗಿ ಕಂಡಿತು. ಹನ್ನೊಂದನೇ ನಿಮಿಷಕ್ಕೆ ಗಂಟೆ ಹೊಡೆದೆ. ಹುಡುಗಿಯರು ಕೈ ಮುಗಿದರು, ಚಪ್ಪಾಳೆ ಬಿತ್ತು, ಒಬ್ಬೊಬ್ಬರಿಗೂ ಬೆಳ್ಳಿಯ ಕುಂಕುಮದ ಭರಣಿ ಕೊಟ್ಟರು. ಮಿಕ್ಕಿದ್ದನ್ನು ತೋರಿಸಿ ಎಂದು ಯಾರೂ ಕೇಳಲಿಲ್ಲ.

ಹನುಮಯ್ಯ ಮೈಕಿನ ಮುಂದೆ ಬಂದ. "ಮಹನೀಯರೇ," ಎಂದ. ದೊಪ್ಪ್. "ಈ ಶುಭ ಸಂದರ್ಭದಲ್ಲಿ," ಎಂದ. ದೊಪ್ಪ್. ಜನ ನಗತೊಡಗಿದರು. ಅವನು ಮೈಕಿಗೆ ಕೈ ಅಡ್ಡ ಹಿಡಿದು ನನ್ನತ್ತ ಹಲ್ಲು ಕಡಿದ. "ಏನ್ರೀ ಸೆಕ್ರೆಟರಿ, ಹಿಂದ್ಗಡೆ ಯಾರ್ದು ತಿಥಿ ಮಾಡಿಸ್ತಾ ಇದೀರಾ? ಹೋಗಿ ನಿಲ್ಲಿಸ್ರೀ ಅವರನ್ನ!"

ಪರದೆ ಸರಿಸಿ ಹಿಂದೆ ಹೋದೆ. ಜಂಬಣ್ಣ ನನಗಿಂತ ಮೊದಲೇ ಬೊಬ್ಬೆ ಹಾಕುತ್ತಿದ್ದ. "ನಿಲ್ಸ್ರೇ! ಗಂಟೆ ಹೊಡೀತು ನಿಲ್ಸ್ರೇ!" ಎಂಟು ಬೆನ್ನುಗಳು ಹಿಂದಕ್ಕೆ ಸರಿಯುತ್ತಿದ್ದವು. ಪಾಪಮ್ಮ ಒಮ್ಮೆ ತಲೆ ಎತ್ತಿ ಮುನಿತಾಯಮ್ಮನನ್ನು ನೋಡಿದಳು. ಮುನಿತಾಯಮ್ಮ ಬಡಿಯುತ್ತಲೇ, "ಇನ್ನೂ ಆಗಿಲ್ಲ," ಎಂದಳು. ಪಾಪಮ್ಮನ ಕೊಡತಿ ತಪ್ಪಲಿಲ್ಲ.

"ಇದು ನನ್ನ ಕುಣಿತ! ಆಯ್ತು ಅಂತ ನಾನು ಹೇಳ್ತಾ ಇವ್ನಿ!" ಎಂದು ಜಂಬಣ್ಣ ಕಿರುಚಿದ. ಪರದೆಯ ಆಚೆ ನಗು ಜೋರಾಯಿತು. ಇನ್ನು ಮುಂದೆ ಯಾವ ಸ್ಟೇಜೂ ತನಗೆ ಸಿಗುವುದಿಲ್ಲ ಎಂದು ಅವನಿಗೆ ಆ ಕ್ಷಣಕ್ಕೆ ಹೊಳೆದಿರಬೇಕು. ಮಂಡಿಯೂರಿ ಕೂತು, ಹೆಂಡತಿಯ ಮುಂದೆ ಗಾರೆಯ ಮೇಲೆ ಬಲಗೈಯನ್ನು ಅಗಲಿಸಿ ಇಟ್ಟ. ಅವಳು ನಿಲ್ಲಿಸುತ್ತಾಳೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ನನಗೂ ಇರಲಿಲ್ಲ.

ಕೊಡತಿ ಮೇಲಿತ್ತು. ಅವಳ ಕಣ್ಣು ತೆರೆದಿತ್ತು. ಇದನ್ನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ.

ಕೊಡತಿ ಬಿತ್ತು. ಎಂಟೂ ಒಟ್ಟಿಗೇ ಬಿದ್ದವು, ಒಂದರ ಸದ್ದು ಮಾತ್ರ ಬೇರೆಯಿತ್ತು. ಅವಳು ಉಗುರಿಲ್ಲದ ಕಾಲಿನಿಂದ ಅವನ ತೋಳನ್ನು ಆಚೆಗೆ ಒತ್ತಿದಳು. ಮುಂದಿನ ಏಟು ಹೊತ್ತಿಗೆ ಸರಿಯಾಗಿ ಬಿತ್ತು. ನಾನು ನಿಲ್ಲಿಸಲು ಹೋದವನು ಕಂಬ ಹಿಡಿದು ನಿಂತುಬಿಟ್ಟೆ. ಹೇಳಲು ನಾಚಿಕೆಯಾಗುತ್ತದೆ, ನಾನು ಅವನನ್ನು ಎತ್ತಲಿಲ್ಲ, ಕುಣಿತ ನೋಡುತ್ತಿದ್ದೆ. ಇನ್ನೂ ಹತ್ತೋ ಹದಿನೈದೋ ನಿಮಿಷ ನಡೆಯಿತು. ಸಾಲುಗಳು ಹಾದವು, ಬೆನ್ನುಗಳು ತಿರುಗಿದವು. ಮೂಲೆಯಿಂದ ಠಣ್ಣೆಂದಿತು. ಕಡೆಗೆ ಎಂಟೂ ದನಿ ಕೊಟ್ಟವು, ಎಂಟು ಕೈ ಗಾಳಿಯಲ್ಲಿ ನಿಂತವು. ಅವನ ಕೈ ಇದ್ದ ಜಾಗ ಮಾತ್ರ ಕೆಂಪಗೆ ಒದ್ದೆಯಾಗಿತ್ತು.

ಜಂಬಣ್ಣ ಟವೆಲ್ಲಿನಲ್ಲಿ ಕೈ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. "ನೋಡಿದ್ರಾ ಸ್ವಾಮಿ? ಪೂರ್ತಿ ನೋಡಿದ್ರಾ?" ಎಂದು ಕೇಳಿದ. ನೋಡಿದೆ ಎಂದೆ. ಆಚೆ ಚಪ್ಪಾಳೆ ಕೇಳಿಸಿತು. ಅದು ಹನುಮಯ್ಯನ ಭಾಷಣ ಮುಗಿದದ್ದಕ್ಕೆ.

ನಾಟಿ ವೈದ್ಯ ಕಟ್ಟಿದ ಕೈ ಸೆಟೆದು ಕೂಡಿಕೊಂಡಿತು. ಬೆರಳು ಬಿಡಿಸಲಾಗದು, ತಾಳ ತಟ್ಟಲಾಗದು. ಮುಂದಿನ ವರ್ಷ ಹನುಮಯ್ಯ ಕಬ್ಬಿಣ, ಸಿಮೆಂಟಿನ ತಾರಸಿ ಹಾಕಿಸಲು ಶುರುಮಾಡಿದ, ಎಲ್ಲರೂ ಅದನ್ನೇ ಹಿಡಿದರು. ಗಾರೆ ಬಡಿಯುವವರನ್ನು ಕೇಳುವವರಿಲ್ಲ. ಪಾಪಮ್ಮ ಎಲ್ಲಿಗೋ ಹೋದಳು, ಮಿಕ್ಕವರೂ ಚದುರಿದರು. ಮುನಿತಾಯಮ್ಮ ಊದುಬತ್ತಿ ಹೊಸೆಯುತ್ತಾಳೆ.

ಹೋದ ತಿಂಗಳು, ಐವತ್ತೊಂಬತ್ತರ ಶ್ರಾವಣದಲ್ಲಿ, ಅವರ ಗುಡಿಸಿಲಿಗೆ ಹೋಗಿದ್ದೆ. ಅವಳು ಮುದ್ದೆ ಮುರಿದು ಸಾರಿಗೆ ಅದ್ದಿ ಅವನ ಬಾಯಿಗಿಡುತ್ತಿದ್ದಳು. ಎಡಗೈಯಲ್ಲಿ ಉಣ್ಣುವುದಿಲ್ಲ ಎಂದು ಅವನ ಹಠವಂತೆ. ಮೂರು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಕೇಳಿಯೇ ಬಿಟ್ಟೆ.

"ಮುನಿತಾಯಮ್ಮ, ಅವತ್ತು ನಿನಗೆ ಕೈ ಕಾಣಲಿಲ್ಲವೇನಮ್ಮ?"

"ಕಂಡಿತ್ತು," ಎಂದಳು.

ಜಂಬಣ್ಣ ಬಾಯಲ್ಲಿದ್ದ ತುತ್ತನ್ನು ಅವಸರದಿಂದ ನುಂಗಿದ. ಮೂರು ವರ್ಷಗಳಲ್ಲಿ ಅವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

"ಕೈ ತಪ್ಪಿಸಾಕೆ ಹೋಗಿದ್ರೆ ಏಟು ತಪ್ಪೋದು ಸ್ವಾಮಿ," ಎಂದ. "ನಾನು ಕಲಿಸಿದ್ದು. ಒಂದು ಕೂದಲೆಳೆ ತಪ್ಪಲಿಲ್ಲ, ನೋಡಿದ್ರಲ್ಲ?"

ಮುನಿತಾಯಮ್ಮ ಅವನ ಕಡೆ ನೋಡಲಿಲ್ಲ. ಇನ್ನೊಂದು ತುತ್ತು ಮುರಿದು, ಅವನು ಮಾತು ಮುಗಿಸುವ ಮೊದಲೇ ಬಾಯಿಗೆ ತುರುಕಿದಳು.